ಮಗುವಿನ ಸುಟ್ಟ ಗಾಯ ಮತ್ತು ಅಮೆರಿಕದ ಡಾಕ್ಟರರ ಪ್ರಶ್ನೆಗಳು

ಒಂದೂವರೆ ವರ್ಷದ ಮಗು ಟೀಪಾಯಿ ಮೇಲಿನ ಚಹಾ ಲೋಟ ಎಳೆದುಕೊಂಡರೆ ಸುಡುವುದು ಗಲ್ಲ, ಕತ್ತು, ಭುಜ, ಎದೆ. ಗಾಯ ಮೇಲೆ ಅಗಲ, ಕೆಳಗಿಳಿದಂತೆ ಕಿರಿದು. ಹರಿಯುತ್ತಾ ಚಹಾ ಆರುತ್ತದಲ್ಲ. ಅಲ್ಲಲ್ಲಿ ಸಿಡಿದ ಹನಿಯ ಗುರುತೂ ಇರುತ್ತದೆ. ಅಮೆರಿಕದ ಎಮರ್ಜೆನ್ಸಿ ಡಾಕ್ಟರು ನಿಮ್ಮ ಮಾತನ್ನು ಈ ಗುರುತುಗಳ ಪಕ್ಕಕ್ಕಿಟ್ಟು ನೋಡುತ್ತಾರೆ.

ಎರಡೂ ಪಾದ ಕಾಲುಚೀಲ ತೊಟ್ಟಂತೆ ಒಂದೇ ಎತ್ತರಕ್ಕೆ ಸುಟ್ಟು, ಅಂಚು ಗೆರೆ ಎಳೆದಂತಿದ್ದು, ಹನಿಯ ಗುರುತೇ ಇಲ್ಲದಿದ್ದರೆ ಅನುಮಾನ ಹುಟ್ಟುತ್ತದೆ. ತಾನಾಗಿ ಬಿಸಿನೀರಿಗೆ ಕಾಲಿಟ್ಟ ಮಗು ಒದ್ದಾಡಿ ನೀರು ಚಿಮ್ಮಿಸುತ್ತದೆ. ಗಾಯ ಇಷ್ಟು ಅಚ್ಚುಕಟ್ಟಾಗುವುದು ಸಾಮಾನ್ಯವಾಗಿ ಯಾರೋ ಅದ್ದಿ ಹಿಡಿದಾಗ. ಸಿಗರೇಟಿನ ದುಂಡು ಗುರುತು, ಇಸ್ತ್ರಿಪೆಟ್ಟಿಗೆಯ ಅಚ್ಚು, ನಿನ್ನೆ ಸುಟ್ಟಿದ್ದಕ್ಕೆ ಇವತ್ತು ಬರುವುದು, ಅಪ್ಪನದೊಂದು ಅಮ್ಮನದೊಂದು ಕಥೆ, ಅಂಬೆಗಾಲೂ ಇಡದ ಕೂಸು ‘ತಾನೇ ನಲ್ಲಿ ತಿರುಗಿಸಿತು’ ಎಂಬ ವಿವರಣೆ, ಇವೂ ಲೆಕ್ಕಕ್ಕೆ ಬರುತ್ತವೆ.

ಯಾವುದೂ ಒಂಟಿಯಾಗಿ ಸಾಕ್ಷ್ಯವಲ್ಲ. ಆದರೆ ದೂರು ಕೊಡಲು ಡಾಕ್ಟರರಿಗೆ ಸಾಕ್ಷ್ಯ ಬೇಕಿಲ್ಲ, ಸಕಾರಣ ಅನುಮಾನ ಸಾಕು. 50 ರಾಜ್ಯಗಳಲ್ಲೂ ಇಂಥ ಕಾನೂನಿದೆ. ಡಾಕ್ಟರು, ನರ್ಸು, ಶಾಲೆಯ ಟೀಚರು ಅನುಮಾನ ಬಂದೂ ಸುಮ್ಮನಿದ್ದರೆ ಅವರ ಮೇಲೇ ಕ್ರಮ. ಆಮೇಲೆ ಸೋಷಿಯಲ್ ವರ್ಕರ್ ಬರುತ್ತಾರೆ. ಎರಡು ವರ್ಷದೊಳಗಿನ ಕೂಸಾದರೆ ಮೈಯೆಲ್ಲ ಎಕ್ಸ್-ರೇ ತೆಗೆಸಬಹುದು. ಸಿಟ್ಟು ಬರುತ್ತದೆ, ನಿಜ. ಆದರೂ ಆದದ್ದನ್ನು ಆದಂತೆ ಹೇಳಿ. ‘ಆ ಹೊತ್ತಿನಲ್ಲಿ ನಾನು ಫೋನಿನಲ್ಲಿದ್ದೆ’ ಎಂದಷ್ಟಕ್ಕೇ ಸಾಮಾನ್ಯವಾಗಿ ಯಾರೂ ಮಗುವನ್ನು ಕಿತ್ತುಕೊಳ್ಳುವುದಿಲ್ಲ. ಮಾತು ಬದಲಾದರೇ ಕಷ್ಟ.

ನಮ್ಮವರಿಗೆ ಇನ್ನೊಂದು ತೊಡಕು ಬರೆ. ಊರಿಗೆ ಹೋದಾಗ ಕಾಮಾಲೆಗೆಂದು ಯಾರೋ ಹಾಕಿಸಿದ ಬರೆ ಹೊಟ್ಟೆಯ ಮೇಲಿದ್ದರೆ ಯಾವಾಗ, ಯಾರು, ಯಾಕೆ ಎಂದು ಮೊದಲೇ ತಿಳಿಸಿ. ಸಂಪ್ರದಾಯ ಎಂದು ಸಮರ್ಥಿಸಲು ಹೋಗಬೇಡಿ. ನನ್ನ ಕಣ್ಣಿಗಂತೂ ಅದು ಹಿಂಸೆಯೇ.

ಬಾಣಂತನಕ್ಕೆ ಬಂದ ಅಜ್ಜಿ ಕೂಸಿಗೆ ಎರೆಯುವ ಮುಂಚೆ ನೀರಿನ ಹೀಟರನ್ನು 120 ಡಿಗ್ರಿ ಫ್ಯಾರನ್‌ಹೀಟ್‌ಗೆ ಇಳಿಸಿಡಿ. 140ರಲ್ಲಿ ದೊಡ್ಡವರ ಚರ್ಮ ಸುಡಲೇ ಐದಾರು ಸೆಕೆಂಡು ಸಾಕು, ಕೂಸಿನದು ಇನ್ನೂ ಬೇಗ ಸುಡುತ್ತದೆ.

ಅಜ್ಜಿಗೆ ಇಂಗ್ಲಿಷ್ ಬಾರದಿದ್ದರೆ ಆಸ್ಪತ್ರೆಯಲ್ಲಿ ಕನ್ನಡ ದುಭಾಷಿ ಬೇಕೆಂದು ಕೇಳಿ, ದುಡ್ಡು ಕೊಡಬೇಕಿಲ್ಲ. ಮನೆಯವರೇ ಸುಟ್ಟಿದ್ದಾರೆಂದು ಗೊತ್ತಿರುವವರು ಡಾಕ್ಟರರ ಜೊತೆ ಒಬ್ಬರೇ ಮಾತಾಡಬೇಕೆನ್ನಿ, ಗಂಡನನ್ನೋ ಅತ್ತೆಯನ್ನೋ ಹೊರಗೆ ಕೂರಿಸುತ್ತಾರೆ.