ಎಸಿ ರಿಮೋಟಿನ ಕಥೆಯನ್ನೂ ಪೇಪರಿಗೆ ಬರೆಯಿರಿ

ನಮ್ಮ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ಮಕ್ಕಳು ಓಟಿಯಿಂದ ತಣ್ಣಗಾಗಿಯೇ ವಾರ್ಡಿಗೆ ಬರುತ್ತಿದ್ದವು. ಮೈ ಬಿಸಿ 36.5 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆ. ಹೇಗೋ ಸರಿ ಮಾಡಿದೆವು. ಖುಷಿಯಲ್ಲಿ ವೈದ್ಯಕೀಯ ಪತ್ರಿಕೆಯೊಂದಕ್ಕೆ ಪೇಪರ್ ಬರೆದು ಕಳಿಸಿದೆ. ವಾಪಸ್ ಬಂತು.

ನಾನು ಬರೆದದ್ದು ಇಷ್ಟೇ: ಸಿಬ್ಬಂದಿಗೆ ತರಬೇತಿ ಕೊಟ್ಟೆವು, ಸುಧಾರಣೆ ಕಂಡಿತು. ಪತ್ರಿಕೆಯ ಪರವಾಗಿ ಅದನ್ನು ಪರಿಶೀಲಿಸಿದ ರಿವ್ಯೂವರ್ ಕೇಳಿದ್ದು: ತರಬೇತಿ ಆದಮೇಲೆ ಯಾರು, ಏನನ್ನು ಬೇರೆ ಥರ ಮಾಡಿದರು?

ಉತ್ತರ ಎಸಿ ರಿಮೋಟಿನಲ್ಲಿತ್ತು. ಹೆರಿಗೆ ಕೋಣೆ 25ರಿಂದ 28 ಡಿಗ್ರಿ ಇರಲಿ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಗೌನ್ ಹಾಕಿಕೊಂಡು ಲೈಟಿನ ಕೆಳಗೆ ನಿಂತವರಿಗೆ ಅದು ಬೆವರಿನ ಸ್ನಾನ, ಹಾಗಾಗಿ ಎಸಿ ಜೋರಾಗಿರುತ್ತಿತ್ತು. ಮೊದಲು ಗೋಡೆಗೆ ಚಾರ್ಟ್ ಅಂಟಿಸಿದ್ದೆವು, ಯಾರೂ ತಲೆ ಎತ್ತಿ ನೋಡಲಿಲ್ಲ. ಆಮೇಲೆ ರಿಮೋಟನ್ನು ಮಗು ಎತ್ತಿಕೊಳ್ಳುವ ಸಿಸ್ಟರ್ ಕೈಗೇ ಕೊಟ್ಟೆವು. ಮಗುವಿಗೆ ಸುತ್ತುವ ಬಟ್ಟೆಯನ್ನು ಬೆಚ್ಚಗಾಗಲೆಂದು ಮೊದಲೇ ವಾರ್ಮರ್ ಮೇಲಿಟ್ಟೆವು. ಇದ್ಯಾವುದೂ ನನ್ನ ಪೇಪರಿನಲ್ಲಿ ಇರಲೇ ಇಲ್ಲ! ಪಿಡಿಎಸ್‌ಎ ಸೈಕಲ್ ಅಂದರೆ ಇದೇ ಅಲ್ವಾ? ಯೋಚಿಸಿ, ಮಾಡಿ, ನೋಡಿ, ತಿದ್ದಿ. ಒಂದೊಂದು ಸುತ್ತನ್ನೂ ಬರೆಯಿರಿ, ಸೋತ ಚಾರ್ಟನ್ನೂ ಸೇರಿಸಿ.

ಇಂಥ ಸುಧಾರಣೆಯ ಕೆಲಸವನ್ನು ಬರೆಯುವ ಕ್ರಮಕ್ಕೆ 2015ರ ಸ್ಕ್ವೈರ್ 2.0 ಮಾರ್ಗಸೂಚಿ ಇದೆ, 18 ಅಂಶಗಳು. ಯಾಕೆ ಶುರು ಮಾಡಿದಿರಿ, ಏನು ಮಾಡಿದಿರಿ, ಏನು ಕಂಡಿರಿ, ಅದರ ಅರ್ಥವೇನು ಎಂಬ ನಾಲ್ಕು ಪ್ರಶ್ನೆಗಳೇ ಅದರ ಬೆನ್ನೆಲುಬು. ಎಲ್ಲವನ್ನೂ ಯೋಚಿಸಬೇಕು, ಎಲ್ಲವನ್ನೂ ತುರುಕಬೇಕಿಲ್ಲ.

'ಮುಂಚೆ ಇಷ್ಟು, ಈಗ ಇಷ್ಟು' ಅಂತ ಗ್ರಾಫಿನಲ್ಲಿ ಎರಡು ಕಂಬ ನಿಲ್ಲಿಸಬೇಡಿ. ಆ ವಾರದ ಲೆಕ್ಕಕ್ಕೆ ಒಂದರಂತೆ ವಾರಕ್ಕೊಂದು ಚುಕ್ಕೆ ಇಟ್ಟು ರನ್ ಚಾರ್ಟ್ ಹಾಕಿ, ಮೀಡಿಯನ್ (ನಡುಬೆಲೆಯ) ಗೆರೆ ಎಳೆಯಿರಿ, ಯಾವ ಬದಲಾವಣೆ ಯಾವಾಗ ಎಂದು ಗುರುತಿಸಿ. ಸಾಲಾಗಿ ಆರು ಚುಕ್ಕೆ ಗೆರೆಯ ಒಂದೇ ಬದಿಗೆ ಬಿದ್ದರೆ ಅದು ಸುಮ್ನೆ ಏರಿಳಿತ ಅಲ್ಲ.

ಸಂಶೋಧನೆಗೆ ಅನುಮತಿ ಕೊಡುವ ಎಥಿಕ್ಸ್ ಕಮಿಟಿಯ ಪತ್ರ ಕೆಲಸ ಶುರುವಾಗುವ ಮುಂಚೆಯೇ ಕೈಯಲ್ಲಿರಲಿ. 'ಅನುಮತಿ ಬೇಕಿಲ್ಲ' ಎಂದರೆ ಅದನ್ನೂ ಬರೆಸಿಕೊಳ್ಳಿ.

ಬಿಎಂಜೆ ಓಪನ್ ಕ್ವಾಲಿಟಿಯಂಥ ಪತ್ರಿಕೆಗಳು ಇಂಥ ವರದಿಗಳಿಗೆಂದೇ ಇವೆ. ಪ್ರಕಟಣೆ ಶುಲ್ಕ ಜಾಸ್ತಿ, ರಿಯಾಯಿತಿ ಸಿಗುತ್ತದಾ ಎಂದು ಕಳಿಸುವ ಮುಂಚೆ ವಿಚಾರಿಸಿ. 'ಮಾನ್ಯ ಖ್ಯಾತ ವೈದ್ಯರೇ, ಮೂರೇ ದಿನದಲ್ಲಿ ಪ್ರಕಟಿಸುತ್ತೇವೆ' ಎಂಬ ಮೇಲ್ ಬಂದರೆ ಅಳಿಸಿಬಿಡಿ.

ಇನ್ನು ಹೆಸರುಗಳ ವಿಷಯ. ರಾತ್ರಿ ಪಾಳಿಯಲ್ಲಿ ಥರ್ಮಾಮೀಟರ್ ಹಿಡಿದು ರಿಜಿಸ್ಟರ್ ತುಂಬಿದ ಸಿಸ್ಟರ್ ಕೊನೆಗೆ ಕೃತಜ್ಞತೆಯ ಸಾಲಿಗೆ ಇಳಿಯುತ್ತಾರೆ. ಲೆಕ್ಕ ಬರೆದದ್ದಷ್ಟೇ ಲೇಖಕರಾಗಲು ಸಾಲದು, ಕರಡನ್ನು ಓದಿ ತಿದ್ದಿರಬೇಕು, ಕೊನೆಯ ಪ್ರತಿಗೆ ಒಪ್ಪಿಗೆ ಕೊಟ್ಟಿರಬೇಕು ಎಂಬುದು ನಿಯಮ. ಹಾಗಾದರೆ ಮೊದಲ ಕರಡು ಅವರ ಕೈಗೂ ಹೋಗಲಿ. ಎರಡನೇ ಸಲ ನಾನು ಹಾಗೇ ಮಾಡಿದೆ. ರಿಮೋಟಿನ ಪ್ಯಾರಾವನ್ನು ತಿದ್ದಿಕೊಟ್ಟವರು ಅವರೇ.