ಉದ್ರಿ ವಸೂಲಿ ಮಾಡೋನಿಗೇ ಬಂದ ವಸೂಲಿ ಫೋನು

ದಾವಣಗೆರೆ ಮಂಡಿಪೇಟೆಯ ಒಂದು ಕಿರಾಣಿ ಹೋಲ್‌ಸೇಲ್ ಅಂಗಡಿಯಲ್ಲಿ ಲೆಕ್ಕ ಬರೆಯೋದು, ಉದ್ರಿ ವಸೂಲಿ ಮಾಡೋದು ನನ್ನ ಕೆಲಸ. ಜಗಳೂರು ಲೈನು, ಹರಪನಹಳ್ಳಿ ಲೈನು, ಹೊನ್ನಾಳಿ ಲೈನು ಎಲ್ಲಾ ಬೈಕಲ್ಲಿ ಸುತ್ತಿದ್ದೀನಿ. "ಬಾಕಿ ಕಟ್ಟಿ" ಅಂತ ಯಾವ ದನಿಯಲ್ಲಿ, ಯಾವ ಕಾಗದ ಕೈಯಲ್ಲಿಟ್ಟುಕೊಂಡು ಕೇಳಬೇಕು ಅನ್ನೋದು ನನಗೆ ಹೊಟ್ಟೆಪಾಡು. ಅದೇ ಮಾತು ಒಂದಿನ ನನ್ನ ಮೊಬೈಲಿಗೇ ಬಂತು.

ವಸೂಲಿಗೆ ಹೋಗೋನ ಹತ್ತಿರ ಮೊದಲು ಇರಬೇಕಾದ್ದು ಲೆಕ್ಕ. ಯಾವ ತಾರೀಕು ಎಷ್ಟು ಮೂಟೆ ಸಕ್ಕರೆ ಹೋಯ್ತು, ಬಿಲ್ ನಂಬರ್ ಎಷ್ಟು, ನಡುವೆ ಎಷ್ಟು ಜಮಾ ಆಯ್ತು ಅನ್ನೋದನ್ನ ಅಂಗಡಿಯವರು ಕೇಳೋಕೆ ಮುಂಚೆ ನಾನೇ ಹೇಳ್ತೀನಿ. "ಅಷ್ಟೆಲ್ಲಿ ಐತ್ರೀ" ಅಂದರೆ ಖತಾವಣಿ ತೆಗೆದು ತೋರಿಸ್ತೀನಿ. ದುಡ್ಡು ಕೈಗೆ ಬಂದ ಮೇಲೆ ರಸೀದಿ ಹರಿದು ಕೊಡ್ತೀನಿ. ಮಾಲೀಕರ ಹತ್ತಿರ ಬೈಸಿಕೊಂಡು ಹೋಗಿರ್ತೀನಿ, ಅವಸರವೂ ಇರುತ್ತೆ. ಆದರೂ "ಅರ್ಧ ಗಂಟೇಲಿ ಹಾಕದಿದ್ರೆ ಪೊಲೀಸ್ ಬರ್ತಾರೆ" ಅಂತ ಯಾರಿಗೂ ಹೇಳಿಲ್ಲ. ಹೇಳಿದ್ದರೆ ಆ ಗಿರಾಕಿ ಮಾರನೇ ದಿನದಿಂದ ಪಕ್ಕದಂಗಡಿ ಪಾಲು. ಸಾಲ ಕೊಟ್ಟವನಿಗೆ ಅದರ ಲೆಕ್ಕ ಬಾಯಲ್ಲೇ ಇರುತ್ತೆ, ಕೇಳಿದರೆ ಸಿಟ್ಟಾಗಲ್ಲ. ಫೋನ್ ಮಾಡಿದೋನನ್ನ ನಾನು ಇದೇ ತಕ್ಕಡಿಗೆ ಹಾಕಿದೆ.

ಕರೆ ಬಂದದ್ದು ರಾತ್ರಿ ಎಂಟರ ಮೇಲೆ. ವಸೂಲಿ ಏಜೆಂಟರು ಬೆಳಿಗ್ಗೆ 8ಕ್ಕೆ ಮುಂಚೆ, ಸಂಜೆ 7ರ ಮೇಲೆ ಫೋನ್ ಮಾಡಬಾರದು ಅಂತ ರಿಸರ್ವ್ ಬ್ಯಾಂಕು 2022ರ ಆಗಸ್ಟ್‌ನಲ್ಲೇ ಸುತ್ತೋಲೆ ಹೊರಡಿಸಿದೆ. ಮೈಕ್ರೋಫೈನಾನ್ಸ್ ಸಾಲಕ್ಕಾದರೆ 9ರಿಂದ 6. ಆದರೆ ಅಸಲಿ ಏಜೆಂಟರಲ್ಲೂ ಈ ನಿಯಮ ಮುರಿಯೋರು ಇದ್ದಾರೆ, ಹಾಗಾಗಿ ಹೊತ್ತು ನೋಡಿಯೇ ಕಳ್ಳ ಅಂತ ತೀರ್ಮಾನಿಸಲಿಲ್ಲ.

"ಲೀಗಲ್ ಡಿಪಾರ್ಟ್‌ಮೆಂಟಿಂದ ಮಾತಾಡ್ತಿರೋದು. ನಿಮ್ಮ ಪರ್ಸನಲ್ ಲೋನ್ ಬಾಕಿ ಇದೆ, ನಾಳೆ ವಾರಂಟ್ ಬರುತ್ತೆ."

"ಯಾವ ಬ್ಯಾಂಕು ಸರ್?"

"ತಗೊಂಡೋರು ನೀವು. ನಿಮಗೆ ಗೊತ್ತಿಲ್ವಾ?"

"ನನಗೆ ಗೊತ್ತಿರೋದು ಬಿಡಿ, ನಿಮ್ಮ ಪುಸ್ತಕದಲ್ಲಿ ಏನಿದೆ ಓದಿ. ಲೋನ್ ಅಕೌಂಟ್ ನಂಬರು, ಕೊಟ್ಟ ತಾರೀಕು, ಯಾವ ಖಾತೆಗೆ ಹಾಕಿದ್ರಿ?"

"ಮೊದಲು ಆಧಾರ್‌ದು ಕೊನೇ ನಾಲ್ಕು ಅಂಕಿ ಹೇಳಿ. ವೆರಿಫೈ ಮಾಡಿ ಹೇಳ್ತೀನಿ."

ವಸೂಲಿಗೆ ಬಂದೋನು ಲೆಕ್ಕ ನನ್ನಿಂದಲೇ ಬರೆಸಿಕೊಳ್ಳೋಕೆ ನೋಡ್ತಿದ್ದ. ನನ್ನ ಹೆಸರು, ಅಪ್ಪನ ಹೆಸರು, ಊರು ಎಲ್ಲಾ ಸರಿಯಾಗಿ ಹೇಳಿದ್ದ ನಿಜ. ಅದೇನು ದೊಡ್ಡದಲ್ಲ; ಸಿಮ್ ತಗೊಳ್ಳೋವಾಗ, ರೂಮು ಹಿಡಿಯೋವಾಗ ಎಷ್ಟು ಕಡೆ ಜೆರಾಕ್ಸ್ ಕೊಟ್ಟಿರ್ತೀವಿ. ನಾನು ಹೌದು ಅಂತಲೂ ಅನ್ನಲಿಲ್ಲ, ಅಲ್ಲ ಅಂತಲೂ ಅನ್ನಲಿಲ್ಲ. "ಅಂಚೇಲಿ ನೋಟಿಸ್ ಕಳಿಸಿ, ನೋಡ್ತೀನಿ" ಅಂದೆ. ವಿಳಾಸ ಹೇಳಿ ಅಂದ. "ಸಾಲ ಕೊಟ್ಟೋರ ಹತ್ರ ವಿಳಾಸ ಇರಬೇಕಲ್ಲ ಸರ್" ಅಂದು ಫೋನಿಟ್ಟೆ.

ಸ್ವಲ್ಪ ಹೊತ್ತಿಗೆ ವಾಟ್ಸಾಪ್‌ಗೆ ಪಿಡಿಎಫ್ ಬಂತು. ಮೇಲೆ ಸಿಂಹದ ಲಾಂಛನ, ಕೆಳಗೆ ಕೆಂಪು ಸೀಲು. ಸೀಲಿನ ಸುತ್ತ ಬಿಳೀ ಚೌಕ ಹಾಗೇ ಉಳಿದಿತ್ತು, ಎಲ್ಲಿಂದಲೋ ಕತ್ತರಿಸಿ ಅಂಟಿಸಿದ್ದು. ತಲೆಬರಹ "ಬೆಂಗಳೂರು ಹೈಕೋರ್ಟ್" ಅಂತ. ನಮ್ಮದು ಕರ್ನಾಟಕ ಹೈಕೋರ್ಟ್. ಕೇಸ್ ನಂಬರಿಗೆ ಇಸವಿಯೇ ಇಲ್ಲ. ಚೆಕ್ ಬರೆಯೋರಿಗೆ ಮೊದಲು ಕಣ್ಣು ಹೋಗೋದು ಮೊತ್ತದ ಮೇಲೆ. ಅಂಕಿಯಲ್ಲಿ ಒಂದು, ಅಕ್ಷರದಲ್ಲಿ ಇನ್ನೊಂದು. ದುಡ್ಡು ಹಾಕಬೇಕಾದ್ದು ಯಾರೋ ಒಬ್ಬ ವ್ಯಕ್ತಿಯ ಹೆಸರಿನ ಯುಪಿಐಗೆ.

ಸಾಲ ತೀರಿಸಲಿಲ್ಲ ಅಂದ ಮಾತ್ರಕ್ಕೆ ಪೊಲೀಸರು ಬಂದು ಎಳೆದುಕೊಂಡು ಹೋಗಲ್ಲ, ಅದು ಸಿವಿಲ್ ವ್ಯಾಜ್ಯ. ಚೆಕ್ ಬೌನ್ಸ್ ಬೇರೆ, ಅದಕ್ಕೆ ನೆಗೋಶಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ ಸೆಕ್ಷನ್ 138 ಇದೆ. ಅಲ್ಲೂ ಮೊದಲು ನೋಟಿಸ್ ಬರಬೇಕು, ಕೈಗೆ ಸಿಕ್ಕ ಮೇಲೆ ಕಟ್ಟೋಕೆ 15 ದಿನ ಇರುತ್ತೆ. ವ್ಯಾಪಾರದ ಊರಲ್ಲಿ ಇದು ಬಹಳ ಜನಕ್ಕೆ ಗೊತ್ತು. ಆದರೂ ಫೋನಲ್ಲಿ "ವಾರಂಟ್" ಅಂದ ಕೂಡಲೇ ಕೈ ನಡುಗುತ್ತೆ, ಅವರು ನಂಬಿಕೊಂಡಿರೋದು ಆ ನಡುಕವನ್ನೇ.

ಮಾರನೇ ದಿನ ನನ್ನ ಹೆಸರಲ್ಲಿ ನಿಜವಾಗಲೂ ಯಾರಾದರೂ ಸಾಲ ಎತ್ತಿದ್ದಾರಾ ಅಂತ ನೋಡಿದೆ. ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈಮಾರ್ಕ್ ಅಂತ ಯಾರ ಹೆಸರಲ್ಲಿ ಎಷ್ಟು ಸಾಲ ಇದೆ ಅನ್ನೋ ಲೆಕ್ಕ ಇಡೋ ಈ ನಾಲ್ಕೂ ಕಂಪನಿಗಳು ವರ್ಷಕ್ಕೊಂದು ಪೂರ್ತಿ ರಿಪೋರ್ಟ್ ಪುಕ್ಕಟೆ ಕೊಡಬೇಕು. ನನ್ನ ಹೆಸರಲ್ಲಿ ಏನೂ ಇರಲಿಲ್ಲ. ಇದ್ದಿದ್ದರೆ ಅಲ್ಲೇ ತಕರಾರು ಹಾಕಬಹುದು. 30 ದಿನದಲ್ಲಿ ಬಗೆಹರಿಸದಿದ್ದರೆ ಆಮೇಲೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು ಅಂತ ನಿಯಮ. ಫೋನ್ ನಂಬರು, ಸ್ಕ್ರೀನ್‌ಶಾಟು ಎರಡನ್ನೂ ಕೇಂದ್ರ ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ಪೋರ್ಟಲ್‌ನಲ್ಲಿರೋ ಚಕ್ಷು ಅನ್ನೋ ದೂರು ವಿಭಾಗದಲ್ಲಿ ಹಾಕಿದೆ. ದುಡ್ಡು ಹೋಗದ, ಬರೀ ಮೋಸದ ಕರೆಗೆ ಅದೇ ಜಾಗ.

ಇದು ಸುಲಭದ ಕೇಸು, ಯಾಕಂದರೆ ಸಾಲವೇ ಇರಲಿಲ್ಲ. ಸಾಲ ನಿಜ, ಕೇಳೋನು ಮಾತ್ರ ಸುಳ್ಳು ಅಂದಾಗ ಕಷ್ಟ. ನಮ್ಮಂಗಡಿ ಹಮಾಲ ಹುಡುಗನೊಬ್ಬ ಬೈಕ್ ಲೋನಿನ ಕಂತು ಬಿಟ್ಟುಕೊಂಡಿದ್ದ. ಅವನಿಗೆ ಫೋನ್ ಬಂದಾಗ ಆ ಕಡೆಯೋನು ಗಾಡಿ ನಂಬರು, ಫೈನಾನ್ಸ್ ಹೆಸರು, ಕಂತಿನ ಮೊತ್ತ ಎಲ್ಲಾ ಕರೆಕ್ಟಾಗಿ ಓದಿದ. "ಬಾಕೀಲಿ ಅರ್ಧ ಇವತ್ತೇ ಹಾಕು, ಸೆಟಲ್‌ಮೆಂಟ್ ಮಾಡಿ ಬಾಕಿ ಇಲ್ಲ ಅನ್ನೋ ಎನ್‌ಒಸಿ ಪತ್ರ ಕೊಡಿಸ್ತೀನಿ." ಹುಡುಗ ಮೊಬೈಲ್ ಹಿಡಕೊಂಡು ನನ್ನ ಹತ್ತಿರ ಓಡಿ ಬಂದ. "ಅಣ್ಣಾ, ಅರ್ಧಕ್ಕೆ ಮುಗಿಸ್ತಾನಂತೆ, ಒಂದಿಷ್ಟು ದುಡ್ಡು ಕೊಡು, ಬಟವಾಡೇಲಿ ಹಿಡ್ಕೋ."

ನನ್ನ ತಕ್ಕಡಿ ಇಲ್ಲಿ ಸಾಲಲಿಲ್ಲ, ಲೆಕ್ಕ ಅವನ ಬಾಯಲ್ಲಿತ್ತು. ಹಾಗಾಗಿ ದುಡ್ಡು ಎಲ್ಲಿಗೆ ಹೋಗುತ್ತೆ ಅಂತ ನೋಡಿದೆವು. ಮತ್ತೆ ವ್ಯಕ್ತಿಯ ಹೆಸರಿನ ಯುಪಿಐ. ನಾನು ಎಷ್ಟೋ ಅಂಗಡಿಯಲ್ಲಿ ವಸೂಲಿ ಮಾಡಿದೀನಿ, ಅದು ಜಮಾ ಆಗೋದು ಮಾಲೀಕರ ಖಾತೆಗೆ, ನನ್ನ ಖಾತೆಗಲ್ಲ. ಬಾಕಿ ಕೇಸನ್ನ ಏಜೆನ್ಸಿಗೆ ಒಪ್ಪಿಸಿದರೆ ಅದು ಯಾವ ಏಜೆನ್ಸಿ ಅಂತ ಸಾಲಗಾರನಿಗೆ ಬ್ಯಾಂಕೇ ತಿಳಿಸಬೇಕು. ಏಜೆಂಟ್ ಐಡಿ ಕಾರ್ಡು, ಅಧಿಕಾರ ಪತ್ರ ಜೊತೆಗಿಟ್ಟುಕೊಂಡಿರಬೇಕು. ಈ ಹುಡುಗನಿಗೆ ಒಂದು ಎಸ್‌ಎಂಎಸ್ಸೂ ಬಂದಿರಲಿಲ್ಲ.

ಮಧ್ಯಾಹ್ನ ಇಬ್ಬರೂ ಪಿ.ಬಿ. ರಸ್ತೆಯ ಬ್ರಾಂಚಿಗೆ ಹೋದೆವು. ಕೌಂಟರಿನ ಹುಡುಗಿ ಕಂಪ್ಯೂಟರ್ ನೋಡಿ, "ಸೆಟಲ್‌ಮೆಂಟ್ ಏನೂ ಇಲ್ಲ, ಕೇಸು ಯಾವ ಏಜೆಂಟಿಗೂ ಹೋಗಿಲ್ಲ" ಅಂದಳು. ಅವನ ವಿವರ ಹೊರಗೆ ಹೋಗಿದ್ದು ಹೇಗೆ ಅಂತ ಕೇಳಿದರೆ ಗೊತ್ತಿಲ್ಲ ಅಂದಳು, ಅವಳ ಮೇಲೆ ಸಿಟ್ಟು ಮಾಡಿ ಏನೂ ಬರಲ್ಲ. ಹುಡುಗ ಒಂದು ಕಂತು ದಂಡ ಸೇರಿಸಿ ಅಲ್ಲೇ ಕಟ್ಟಿದ. ಉಳಿದದ್ದಕ್ಕೆ ತಾರೀಕು ಕೇಳಿ ಬರೆಸಿಕೊಂಡು ಬಂದ. ನಿಜವಾದ ಸೆಟಲ್‌ಮೆಂಟ್ ಆದರೆ ದುಡ್ಡಿಗೆ ಮುಂಚೆ ಕಂಪನಿ ಪತ್ರ ಬರುತ್ತೆ, ಇಷ್ಟು ಕಟ್ಟಿದರೆ ಸಾಲ ಮುಗೀತು ಅಂತ ಅದರಲ್ಲಿ ಬರೆದಿರುತ್ತೆ.

ಚಿತ್ರದುರ್ಗದ ನನ್ನ ಷಡ್ಡಕನ ಮಗಳದು ಇನ್ನೊಂದು ನಮೂನೆ. ಮೊಬೈಲ್ ಆ್ಯಪಿನಲ್ಲಿ ಚಿಕ್ಕ ಸಾಲ ತಗೊಂಡು ತೀರಿಸಿದ್ದಳು. ಆಮೇಲೂ ಬಾಕಿ ಇದೆ ಅಂತ ಶುರು ಮಾಡಿದರು, ಅವಳು ಒಂದು ಸಲ ಹೆದರಿ ಹಾಕಿಯೂ ಬಿಟ್ಟಳು. ನಿಲ್ಲಲಿಲ್ಲ, ಫೋಟೋ ತಿದ್ದಿ ನೆಂಟರಿಗೆಲ್ಲ ಕಳಿಸ್ತೀವಿ ಅಂದರು. ಸಾಲದ ಆ್ಯಪು ಮೊಬೈಲಿನ ಕಾಂಟ್ಯಾಕ್ಟು, ಫೋಟೋಗಳನ್ನ ಮುಟ್ಟುವಂತೆಯೇ ಇಲ್ಲ ಅಂತ ರಿಸರ್ವ್ ಬ್ಯಾಂಕಿನ ನಿಯಮ ಇದೆ. ಮುಟ್ಟಿತು ಅಂದರೆ ಆ ಆ್ಯಪೇ ಸರಿಯಿಲ್ಲ. ನಾನು ಅವಳಿಗೆ ಹೇಳಿದ್ದು, ಅವರು ಕಳಿಸೋಕೆ ಮುಂಚೆ ನೀನೇ ಮನೆಮಂದಿ ಗ್ರೂಪಿಗೆ ಹಾಕು ಅಂತ. "ಮೋಸದ ಆ್ಯಪಿನೋರು ನನ್ನ ಹೆಸರಲ್ಲಿ ಕೆಟ್ಟ ಫೋಟೋ ಕಳಿಸಬಹುದು, ನಂಬಬೇಡಿ, ತೆರೀಬೇಡಿ." ಅತ್ತೆಯಂದಿರು ಏನಂತಾರೋ ಅಂತ ಅತ್ತಳು, ಆದರೂ ಹಾಕಿದಳು. ಅಲ್ಲಿಗೆ ಆ ಕಡೆಯೋರ ಕೈಲಿ ಬೆದರಿಕೆ ಹಾಕೋಕೆ ಏನೂ ಉಳಿಯಲಿಲ್ಲ.

ಅವಳ ದುಡ್ಡು ಹೋಗಿತ್ತಲ್ಲ, ಅದಕ್ಕೆ 1930ಕ್ಕೆ ಫೋನ್ ಮಾಡಿದೆವು. ಇದು ಸೈಬರ್ ವಂಚನೆಯ ರಾಷ್ಟ್ರೀಯ ಸಹಾಯವಾಣಿ. ಬೇಗ ಹೇಳಿದಷ್ಟೂ ದುಡ್ಡು ಇನ್ನೊಂದು ಖಾತೆಗೆ ದಾಟೋಕೆ ಮುಂಚೆ ತಡೆಹಿಡಿಯೋ ಸಾಧ್ಯತೆ ಹೆಚ್ಚು. ಆಮೇಲೆ ಸೈಬರ್ ಅಪರಾಧ ನೋಡಿಕೊಳ್ಳೋ ಜಿಲ್ಲೆಯ ಸಿಇಎನ್ ಪೊಲೀಸ್ ಠಾಣೆಗೂ ಬರೆದು ಕೊಟ್ಟೆವು. ಎರಡೂ ಕಡೆ ಯುಟಿಆರ್ ನಂಬರು, ಅಂದರೆ ಆ ಒಂದು ವ್ಯವಹಾರದ ಗುರುತಿನ ನಂಬರು, ಬೇಕಾಗುತ್ತೆ. ಯುಪಿಐ ಆ್ಯಪಿನ ಹಿಸ್ಟರಿಯಲ್ಲಿ ಆ ಪಾವತಿ ಒತ್ತಿದರೆ 12 ಅಂಕಿಯಲ್ಲಿ ಸಿಗುತ್ತೆ. ಅದನ್ನ ಕಾಗದದ ಮೇಲೆ ಬರೆದಿಟ್ಟುಕೊಂಡೇ ಫೋನ್ ಮಾಡಿ, ಮಾತಾಡ್ತಾ ಮಾತಾಡ್ತಾ ಹುಡುಕೋಕೆ ಹೋದರೆ ಲೈನ್ ಕಟ್ ಆಗುತ್ತೆ.