ಕಾಂಟೆಸ್ಸಾಗೆ ಟರ್ಬೊ ಎಂಜಿನ್: ಪೆಟ್ರೋಲ್ ಲೈನ್ ನಾನು ಮಾಡಿಕೊಂಡ ಬಗೆ

ನನ್ನ ಹಳೆ ಕಾಂಟೆಸ್ಸಾ ಕಾರು ಪುಣೆಯ ಭೋಸರಿಯ ಒಂದು ಗ್ಯಾರೇಜಿನಲ್ಲಿ ಹದಿನಾಲ್ಕು ತಿಂಗಳು ನಿಂತಿತ್ತು. ಅದರ 1.8 ಲೀಟರ್ ಇಸುಜು ಎಂಜಿನ್ ಇಳಿಸಿ, ಮುಂಬೈನ ಕುರ್ಲಾದಿಂದ ತಂದ ಸ್ಕೋಡಾ ಆಕ್ಟೇವಿಯಾ ಆರ್‌ಎಸ್‌ನ 1.8 ಟರ್ಬೊ ಎಂಜಿನ್ ಕೂರಿಸುವ ಕೆಲಸ. ಎಂಜಿನ್ ಮೌಂಟು, ಗೇರ್‌ಬಾಕ್ಸ್ ಅಡಾಪ್ಟರು ಕಷ್ಟ ಅಂತ ಎಲ್ಲರೂ ಹೆದರಿಸಿದ್ದರು. ಅವು ಹೇಗೋ ಆದವು. ನನ್ನ ನಿದ್ದೆ ಕೆಡಿಸಿದ್ದು ಪೆಟ್ರೋಲ್ ಲೈನು, ಅಂದರೆ ಟ್ಯಾಂಕಿನಿಂದ ಎಂಜಿನ್ ತನಕ ಪೆಟ್ರೋಲ್ ಹೋಗುವ ದಾರಿ.

ಇದು ರಸ್ತೆಗೆ ಇಳಿಯುವ ಗಾಡಿ ಅಲ್ಲ. ಟ್ರೇಲರ್ ಮೇಲೆ ಹೋಗುತ್ತದೆ, ಖಾಸಗಿ ಮೈದಾನದಲ್ಲಿ ಓಡುತ್ತದೆ. ರಸ್ತೆಯಲ್ಲಿ ಓಡಿಸುವುದಾದರೆ ಎಂಜಿನ್ ಬದಲಿಸಲು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಟಿಒ ಅನುಮತಿ ಬೇಕು.

ಶುರುವಿನಲ್ಲಿ ನಾನು ಮಾಡಿದ ತಪ್ಪು ಇದು. ಗಂಟೆಗೆ 255 ಲೀಟರ್ ಅಂತ ಬರೆದಿದ್ದ ಪಂಪು ತಂದೆ. ಡಿಕ್ಕಿಯ ಕೆಳಗೆ ಕಟ್ಟಿದೆ. ಹಳೆ ಟ್ಯಾಂಕಿನಿಂದಲೇ ಎಳೆಯುವ ಹಾಗೆ ಮಾಡಿದೆ. 220 ಬಿಎಚ್‌ಪಿಗೆ ಇದು ಬೇಕಾದಷ್ಟಾಯಿತು ಅಂದುಕೊಂಡೆ. ಮೊದಲ ಓಟದ ದಿನ ಟ್ಯಾಂಕಿನಲ್ಲಿ ಕಾಲು ಭಾಗ ಪೆಟ್ರೋಲ್ ಇತ್ತು. ಉದ್ದನೆಯ ಎಡ ತಿರುವಿನಲ್ಲಿ ಆಕ್ಸಿಲರೇಟರ್ ಒತ್ತಿ ಹಿಡಿದಿದ್ದೆ. ವೈಡ್‌ಬ್ಯಾಂಡ್ ಮೀಟರ್ (ಒಂದು ಪಾಲು ಪೆಟ್ರೋಲಿಗೆ ಎಷ್ಟು ಪಾಲು ಗಾಳಿ ಅಂತ ತೋರಿಸುವುದು) 11.8 ತೋರಿಸುತ್ತಿದ್ದದ್ದು ಕಣ್ಣೆದುರಿಗೇ 15 ದಾಟಿತು, ಅಂದರೆ ಪೆಟ್ರೋಲ್ ಸಾಲುತ್ತಿರಲಿಲ್ಲ. ಕಾಲು ತೆಗೆದೆ. ಬೂಸ್ಟ್ (ಟರ್ಬೊ ಎಂಜಿನ್ನಿಗೆ ತುಂಬುವ ಗಾಳಿಯ ಒತ್ತಡ) ಇರುವಾಗ ಪೆಟ್ರೋಲ್ ಕಡಿಮೆಯಾದರೆ ಎಂಜಿನ್ ನಾಕ್ ಆಗುತ್ತದೆ, ಅಂದರೆ ಒಳಗಿನ ಮಿಶ್ರಣ ತಾನಾಗಿಯೇ ಸಿಡಿಯುತ್ತದೆ, ಪಿಸ್ಟನ್ ಕರಗಿ ತೂತಾಗುತ್ತದೆ. ಇನ್ನೊಂದೆರಡು ಸೆಕೆಂಡ್ ಹಾಗೇ ಒತ್ತಿದ್ದರೆ ಎಂಜಿನ್ ಹೋಗುತ್ತಿತ್ತು.

ಗ್ಯಾರೇಜಿನ ಕಾಕಾ ಬೆಳಗಾವಿಯವರು. ಟ್ಯಾಂಕನ್ನು ಎರಡು ಕೈಯಲ್ಲಿ ಹಿಡಿದು ಅಲ್ಲಾಡಿಸಿದರು. ಒಳಗೆ ಪೆಟ್ರೋಲ್ ಗಳಗಳ ಅಂತ ಆ ಕಡೆ ಈ ಕಡೆ ಹೊಡೆಯಿತು. "ಕೇಳಿಸ್ತೇನು ತಮ್ಮಾ? ಟಾಕಿ ಒಳಗ ಪೆಟ್ರೋಲ್ ತಡಿಯೂ ಗೋಡಿ ಇಲ್ಲ. ನೀ ಎಷ್ಟ್ ದೊಡ್ಡ ಪಂಪ್ ಹಚ್ಚಿದ್ರೂ ಗಾಳಿ ಜಗ್ಗತೈತಿ" ಅಂದರು. ಹಳೆ ಎಂಜಿನ್ನಿನ ಕಾರ್ಬೊರೇಟರ್ ಇದ್ದಾಗ ಇದು ಗೊತ್ತಾಗುತ್ತಿರಲಿಲ್ಲ. ಅದರ ಫ್ಲೋಟ್ ಬೌಲ್ ಅನ್ನುವ ಬಟ್ಟಲಿನಲ್ಲಿ ಸ್ವಲ್ಪ ಪೆಟ್ರೋಲ್ ಉಳಿದಿರುತ್ತದಲ್ವಾ, ಅದು ಸುಧಾರಿಸಿಕೊಂಡು ಹೋಗುತ್ತಿತ್ತು. ಇಂಜೆಕ್ಷನ್‌ನಲ್ಲಿ ಅಂಥ ಸಾಲ ಸಿಗುವುದಿಲ್ಲ.

ಎಲ್ಲ ಬಿಚ್ಚಿ, ಈ ಸಲ ಎಂಜಿನ್ನಿಗೆ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರಿನಿಂದ ಹಿಂದಕ್ಕೆ ಟ್ಯಾಂಕಿನ ತನಕ ಲೆಕ್ಕ ಹಾಕಿದೆ. ಟರ್ಬೊ ಪೆಟ್ರೋಲ್ ಎಂಜಿನ್ ಪೂರ್ತಿ ಒತ್ತಿದಾಗ ಒಂದು ಬಿಎಚ್‌ಪಿಗೆ ಗಂಟೆಗೆ ಸುಮಾರು 270 ಗ್ರಾಂ ಪೆಟ್ರೋಲ್ ಕುಡಿಯುತ್ತದೆ ಅಂತ ಇಟ್ಟುಕೊಂಡೆ. 220 ಬಿಎಚ್‌ಪಿಗೆ ಹತ್ತಿರ ಹತ್ತಿರ 60 ಕೆ.ಜಿ., ಅಂದರೆ 80 ಲೀಟರ್. ನಾಲ್ಕು ಇಂಜೆಕ್ಟರಿಗೆ ಹಂಚಿದರೆ ಒಂದಕ್ಕೆ ನಿಮಿಷಕ್ಕೆ 334 ಸಿಸಿ. ಇಂಜೆಕ್ಟರನ್ನು 80 ಪರ್ಸೆಂಟಿಗಿಂತ ಜಾಸ್ತಿ ಹೊತ್ತು ತೆರೆದಿಡಬಾರದು ಅನ್ನುವುದು ನನ್ನ ಮಿತಿ. ಹಾಗಾಗಿ 418 ಸಿಸಿ ಬೇಕು. 440 ಸಿಸಿ ಇಂಜೆಕ್ಟರ್ ಸಾಕು ಅಂತ ಬರೆದುಕೊಂಡೆ.

ಆದರೆ ಬಂಕಿನಲ್ಲಿ ಈಗ ಸಿಗುವುದು ಇ20. 20 ಪರ್ಸೆಂಟ್ ಎಥೆನಾಲ್. ತೂಕದ ಲೆಕ್ಕದಲ್ಲಿ ಒಂದು ಪಾಲು ಬರೀ ಪೆಟ್ರೋಲ್ ಉರಿಯಲು 14.7 ಪಾಲು ಗಾಳಿ ಬೇಕಾದರೆ ಇ20ಗೆ ಸುಮಾರು 13.5 ಸಾಕು. ಅಂದರೆ ಅಷ್ಟೇ ಗಾಳಿಗೆ ಲೀಟರ್ ಲೆಕ್ಕದಲ್ಲಿ ಶೇಕಡಾ 8ರಷ್ಟು ಜಾಸ್ತಿ ಇಂಧನ ಸುರಿಯಬೇಕು. ಲೆಕ್ಕ 450 ದಾಟಿತು. 440 ಬಿಟ್ಟು 550 ಸಿಸಿ ತಗೊಂಡೆ. ಹಳೆ ಪುಸ್ತಕದ ಲೆಕ್ಕವನ್ನೇ ಹಿಡಿದು ಇಂಜೆಕ್ಟರ್ ಕೊಳ್ಳುವವರು ಇಲ್ಲಿ ಒಮ್ಮೆ ನಿಂತು ನೋಡಬೇಕು.

ಇನ್ನು ಪೆಟ್ರೋಲಿನ ಒತ್ತಡ ಹಿಡಿತದಲ್ಲಿಡುವ ರೆಗ್ಯುಲೇಟರ್. ಇದಕ್ಕೆ ಎಂಜಿನ್ನಿಗೆ ಗಾಳಿ ಹೋಗುವ ಇಂಟೇಕ್ ಮ್ಯಾನಿಫೋಲ್ಡಿನಿಂದ ಒಂದು ಸಣ್ಣ ಪೈಪು ಬರಲೇಬೇಕು. ರೈಲಿನಲ್ಲಿ (ಇಂಜೆಕ್ಟರುಗಳಿಗೆ ಪೆಟ್ರೋಲ್ ಹಂಚುವ ಕೊಳವೆ) 3 ಬಾರ್ ಪ್ರೆಶರ್ ಇದೆ, ಮ್ಯಾನಿಫೋಲ್ಡಿನಲ್ಲಿ 1 ಬಾರ್ ಬೂಸ್ಟ್ ಬಂತು ಅಂದುಕೊಳ್ಳಿ. ಆ ಪೈಪು ಇಲ್ಲದಿದ್ದರೆ ಇಂಜೆಕ್ಟರಿಗೆ ಉಳಿಯುವುದು 2 ಬಾರ್ ಮಾತ್ರ. ಹರಿವು ಶೇಕಡಾ 18 ಇಳಿಯುತ್ತದೆ, ಅದೂ ಎಂಜಿನ್ ಜಾಸ್ತಿ ಕೇಳುವ ಹೊತ್ತಿನಲ್ಲೇ. ಪೈಪು ಇದ್ದರೆ ಬೂಸ್ಟ್ ಏರಿದಷ್ಟೇ ರೈಲ್ ಪ್ರೆಶರೂ ಏರಿ 4 ಬಾರ್ ಆಗುತ್ತದೆ. 3 ಬಾರ್ ಸೆಟ್ ಮಾಡುವಾಗ ಆ ಪೈಪನ್ನು ಕಳಚಿಡಬೇಕು. ಐಡಲ್‌ನಲ್ಲಿ ವ್ಯಾಕ್ಯೂಮ್ ಇರುವುದರಿಂದ ಇಲ್ಲದಿದ್ದರೆ ರೀಡಿಂಗ್ ತಪ್ಪು ಬರುತ್ತದೆ.

ಗಾಳಿ ಎಳೆಯುವ ತೊಂದರೆಗೆ 2 ಲೀಟರಿನ ಸರ್ಜ್ ಟ್ಯಾಂಕ್, ಅಂದರೆ ಯಾವಾಗಲೂ ತುಂಬಿರುವ ಸಣ್ಣ ಟ್ಯಾಂಕು ಹಾಕಿದೆವು. ಕಡಿಮೆ ಪ್ರೆಶರಿನ ಲಿಫ್ಟ್ ಪಂಪು ದೊಡ್ಡ ಟ್ಯಾಂಕಿನಿಂದ ಸರ್ಜ್ ಟ್ಯಾಂಕನ್ನು ತುಂಬುತ್ತಲೇ ಇರುತ್ತದೆ. ದೊಡ್ಡ ಪಂಪು ಅದರ ತಳದಿಂದ ಎಳೆದು ರೈಲಿಗೆ ಕಳಿಸುತ್ತದೆ. ರೆಗ್ಯುಲೇಟರಿನಿಂದ ವಾಪಸು ಬಂದದ್ದು ಮತ್ತೆ ಸರ್ಜ್ ಟ್ಯಾಂಕಿಗೇ. ಮೇಲೆ ತುಳುಕಿದ್ದು ದೊಡ್ಡ ಟ್ಯಾಂಕಿಗೆ. ಲಿಫ್ಟ್ ಪಂಪು ಎಂಜಿನ್ ಕುಡಿಯುವುದಕ್ಕಿಂತ ಜಾಸ್ತಿ ಕೊಡಬೇಕು, ನನಗೆ ಗಂಟೆಗೆ 87 ಲೀಟರಿಗಿಂತ ಮೇಲೆ. ವಾಪಸು ಪೈಪಿಗೆ ಹಳೆ ಟ್ಯಾಂಕಿನಲ್ಲಿ ಜಾಗ ಇರಲಿಲ್ಲ. ಪೆಟ್ರೋಲ್ ಕಂಡ ಟ್ಯಾಂಕಿಗೆ ವೆಲ್ಡಿಂಗ್ ಹಚ್ಚಲು ಕಾಕಾ ಒಪ್ಪಲಿಲ್ಲ. ಖಾಲಿ ಟ್ಯಾಂಕಿನ ಆವಿಯೇ ಸಿಡಿಯುತ್ತದೆ, ಅವರು ಹೇಳಿದ್ದು ಸರಿ. ಟ್ಯಾಂಕಿನಲ್ಲಿ ಪೆಟ್ರೋಲ್ ಮಟ್ಟ ಅಳೆಯುವ ಫ್ಲೋಟಿನ ಮುಚ್ಚಳ ಬಿಚ್ಚಿ ಹೊರಗೆ ತಂದು, ಅದರಲ್ಲಿ ತೂತು ಕೊರೆದು ಫಿಟ್ಟಿಂಗ್ ಬಿಗಿದೆವು. ಸರ್ಜ್ ಟ್ಯಾಂಕ್ ಡಿಕ್ಕಿಯಲ್ಲಿರುವುದರಿಂದ ಹಿಂದಿನ ಸೀಟಿನ ಬೆನ್ನಿಗೆ ತಗಡು ಹೊಡೆದು ಸಂದೆಲ್ಲ ಮುಚ್ಚಿದೆವು.

ಆಮೇಲೆ ಬಕೆಟ್ ಟೆಸ್ಟ್, ಅಂದರೆ ಪಂಪು ನಿಜಕ್ಕೂ ಎಷ್ಟು ಕೊಡುತ್ತದೆ ಅಂತ ಅಳೆದು ನೋಡುವುದು. ಬಯಲಿನಲ್ಲಿ, ಎಂಜಿನ್ ತಣ್ಣಗಿರುವಾಗ, ಪಕ್ಕದಲ್ಲಿ ಬೆಂಕಿ ಆರಿಸುವ ಸಿಲಿಂಡರ್ ಇಟ್ಟುಕೊಂಡು. ರೆಗ್ಯುಲೇಟರಿನ ವಾಪಸು ಪೈಪನ್ನು ಅಳತೆಯ ಕ್ಯಾನಿಗೆ ಬಿಟ್ಟೆ. ಬೂಸ್ಟ್ ಪೈಪಿಗೆ ಮೀಟರ್ ಇರುವ ಸೈಕಲ್ ಪಂಪು ಸಿಕ್ಕಿಸಿ 1 ಬಾರ್ ಒತ್ತಿ ಹಿಡಿದೆ. ಗೇಜ್ 4 ಬಾರಿಗೆ ಏರಿತು. ಗಾಡಿಯ ವೈರಿನಲ್ಲೇ ಪಂಪು 30 ಸೆಕೆಂಡ್ ಓಡಿಸಿದೆ. ಕ್ಯಾನಿನಲ್ಲಿ ಬಂದದ್ದು 1.1 ಲೀಟರ್. ಗಂಟೆಗೆ 132! ಡಬ್ಬಿ ಮೇಲಿನ 255 ಎಲ್ಲಿ, ಇದೆಲ್ಲಿ? ಪ್ರೆಶರ್ ಏರಿದರೆ ಪಂಪು ಕಡಿಮೆ ಕೊಡುವುದು ಸಹಜ, ಆದರೆ ಇಷ್ಟಲ್ಲ. ಮೀಟರ್ ಹಿಡಿದು ನೋಡಿದರೆ ಬ್ಯಾಟರಿ ಹತ್ತಿರ 13.6 ವೋಲ್ಟ್, ಪಂಪಿನ ತುದಿಯಲ್ಲಿ 11.2. ಹಳೆಯ ತೆಳು ವೈರು ವೋಲ್ಟೇಜ್ ತಿನ್ನುತ್ತಿತ್ತು. 4 ಸ್ಕ್ವೇರ್ ಎಂಎಂ ವೈರು, ಪಂಪಿನ ಹತ್ತಿರ ರಿಲೇ (ಕರೆಂಟಿನಿಂದ ನಡೆಯುವ ಸ್ವಿಚ್ಚು), ಬ್ಯಾಟರಿ ಹತ್ತಿರ 20 ಆಂಪ್ ಫ್ಯೂಸು ಹಾಕಿದೆ. ಅದೇ ಪಂಪು, ಅದೇ 30 ಸೆಕೆಂಡ್: 1.7 ಲೀಟರ್. ಎಂಜಿನ್ ನಿಂತರೆ ಪಂಪೂ ನಿಲ್ಲುವ ಹಾಗೆ ರಿಲೇಯನ್ನು ಇಸಿಯುಗೆ (ಎಂಜಿನ್ ನಡೆಸುವ ಕಂಪ್ಯೂಟರ್) ಕೊಟ್ಟೆ. ಗಾಡಿ ಎಲ್ಲಾದರೂ ಗುದ್ದಿದರೆ ಇದೇ ಜೀವ ಉಳಿಸುವುದು.

ಪೈಪಿನ ಬಗ್ಗೆ ಒಂದು ಮಾತು. ಮೊದಲ ಸಲ ಒಂದು ಅಂಗಡಿಯಲ್ಲಿ ಇಂಜೆಕ್ಷನ್ ಪೈಪು ಅಂತ ಕೊಟ್ಟದ್ದನ್ನು ಸುಮ್ನೆ ನಂಬಿ ತಂದಿದ್ದೆ. ಎರಡೇ ತಿಂಗಳಿಗೆ ಬೆರಳಲ್ಲಿ ಒತ್ತಿದರೆ ಹಳೆ ರಬ್ಬರಿನ ಹಾಗೆ ಮೆತ್ತಗಾಗಿತ್ತು. ಡಿಕ್ಕಿ ತೆಗೆದರೆ ಪೆಟ್ರೋಲ್ ವಾಸನೆ. ಎಥೆನಾಲ್ ಅದರ ಒಳಪದರವನ್ನು ಹಾಳು ಮಾಡಿತ್ತು. ಈಗ ಎಲ್ಲ ಕಡೆ ಪಿಟಿಎಫ್‌ಇ (ಟೆಫ್ಲಾನ್) ಒಳಪದರದ, ಸ್ಟೀಲ್ ಜಾಲರಿ ಹೆಣೆದ ಪೈಪು. ಪಂಪಿಗೆ ಮುಂಚೆ 100 ಮೈಕ್ರಾನ್ ಫಿಲ್ಟರು, ಆಮೇಲೆ 10 ಮೈಕ್ರಾನ್. ಖರ್ಚು ಉಳಿಸಲು ಬೇರೆ ಜಾಗ ಹುಡುಕಿ, ಪೈಪಿನಲ್ಲಿ ಬೇಡ.

ಕಳೆದ ವಾರ ಅದೇ ಮೈದಾನ, ಅದೇ ಎಡ ತಿರುವು. ಟ್ಯಾಂಕಿನಲ್ಲಿ ಹೆಚ್ಚೆಂದರೆ ಎಂಟು ಲೀಟರ್. ಮೂರನೇ ಗೇರಿನಲ್ಲಿ ಪೂರ್ತಿ ಒತ್ತಿದೆ. ಮೀಟರ್ 11.7ರಿಂದ ಕದಲಲಿಲ್ಲ, ರೈಲಿನಲ್ಲಿ 4 ಬಾರ್, ಇಂಜೆಕ್ಟರ್ ಡ್ಯೂಟಿ (ಅದು ತೆರೆದಿರುವ ಹೊತ್ತು) 68 ಪರ್ಸೆಂಟ್. ಕಾಕಾ ಡಿಕ್ಕಿ ತೆಗೆದು ಸರ್ಜ್ ಟ್ಯಾಂಕಿನ ಮೇಲೆ ಅಂಗೈ ಇಟ್ಟು ನೋಡಿದರು. "ಬಿಸಿ ಐತಿ ತಮ್ಮಾ" ಅಂದರು. ರೈಲಿನಿಂದ ವಾಪಸು ಬರುವ ಪೆಟ್ರೋಲ್ ಕಾವು ಹೊತ್ತು ತರುತ್ತದೆ. ಬೇಸಿಗೆಗೆ ಮುಂಚೆ ಅದಕ್ಕೊಂದು ಟೆಂಪರೇಚರ್ ಸೆನ್ಸರ್ ಹಾಕಬೇಕು.